ಸ್ವಾವಲಂಬಿ ನೆಲೆಗೆ ತಕ್ಕ ಸ್ಥಳ ಯಾವುದು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳುತ್ತಾರೆ. ಒಂದು ಮನೆಗೇ ಇಷ್ಟು ಕಷ್ಟವಾದರೆ, ಹತ್ತಾರು ಕುಟುಂಬಗಳು ಒಂದೆಡೆ ಸೇರಿ, ತಮ್ಮ ಅನ್ನವನ್ನು ತಾವೇ ಬೆಳೆದುಕೊಂಡು ಬಾಳುವ ನೆಲೆಯೊಂದನ್ನು ಕಟ್ಟುವುದು ಎಷ್ಟು ಕಷ್ಟವಿರಬೇಕು! ಅಂಥ ನೆಲೆಗೆ ಎಂಥ ಸ್ಥಳ ಬೇಕು ಎಂಬ ಪ್ರಶ್ನೆ ಒಮ್ಮೆ ನಮ್ಮ ತರಗತಿಯಲ್ಲಿ ಎದ್ದಿತು. ಕೆಲವರು ಹೊಳೆಯ ದಂಡೆ ಎಂದರು. ಕೆಲವರು ಜನರೇ ಇಲ್ಲದ ಗುಡ್ಡ ಎಂದರು. ‘ನಮ್ಮ ಜತ್ತ ತಾಲೂಕನ್ನು ಬಿಟ್ಟು ಬೇರೆಲ್ಲಾದರೂ ಸರಿ’ ಎಂದು ಒಬ್ಬರು ಹೇಳಿದಾಗ ಎಲ್ಲರೂ ನಕ್ಕೆವು. ನಕ್ಕರೂ ಆ ಮಾತು ನಮ್ಮ ಮನಸ್ಸಿನಿಂದ ಹೋಗಲಿಲ್ಲ.

ಮಹಾತ್ಮಾ ಗಾಂಧೀಜಿಯವರು ಇಂಥ ನೆಲೆಯನ್ನು ಒಂದು ಸಲವಲ್ಲ, ನಾಲ್ಕು ಸಲ ಕಟ್ಟಿದರು. ಪ್ರತಿಯೊಂದು ಸಲವೂ ಅವರು ಸ್ಥಳವನ್ನು ಹೇಗೆ ಆರಿಸಿದರೆಂಬುದನ್ನು ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಮೊದಲನೆಯದು ದಕ್ಷಿಣ ಆಫ್ರಿಕದ ಫೀನಿಕ್ಸ್. 1904ರಲ್ಲಿ ಅವರು ಡರ್ಬನ್ ನಗರದ ಸುತ್ತಮುತ್ತ, ರೈಲು ನಿಲ್ದಾಣದ ಸಮೀಪದಲ್ಲಿ ಭೂಮಿ ಬೇಕೆಂದು ಜಾಹೀರಾತು ಕೊಟ್ಟರು. ನಗರದಿಂದ 14 ಮೈಲು ದೂರದಲ್ಲಿ ಮೊದಲು 20 ಎಕರೆ, ಅದಕ್ಕೆ ಹೊಂದಿಕೊಂಡು ಮತ್ತೆ 80 ಎಕರೆ, ಒಟ್ಟು 100 ಎಕರೆ ಭೂಮಿ 1,000 ಪೌಂಡಿಗೆ ದೊರೆಯಿತು. ಅಲ್ಲಿ ಒಂದು ಚಿಕ್ಕ ಒರತೆ, ಕೆಲವು ಕಿತ್ತಳೆ ಮತ್ತು ಮಾವಿನ ಮರಗಳು, ಒಂದು ಹಾಳುಬಿದ್ದ ಮನೆ ಇದ್ದವು. ಉಳಿದದ್ದೆಲ್ಲ ಹುಲ್ಲು, ಹಾವುಗಳ ಕಾಟ ಬೇರೆ. ಮೊದಮೊದಲು ಎಲ್ಲರೂ ಗುಡಾರಗಳಲ್ಲಿಯೇ ಇದ್ದರು. ‘ಇಂಡಿಯನ್ ಒಪೀನಿಯನ್’ ಪತ್ರಿಕೆಯ ಅಚ್ಚುಕೂಟವನ್ನು ಅಲ್ಲಿಗೆ ಸಾಗಿಸಿ, ಅದರ ಸುತ್ತಲಿನ ನೆಲವನ್ನು ಮೂರು ಮೂರು ಎಕರೆಯಂತೆ ಹಂಚಿಕೊಂಡರು. ಇಲ್ಲಿ ನಾವು ಗಮನಿಸಬೇಕಾದುದೇನೆಂದರೆ, ಮನೆಯನ್ನು ಕಟ್ಟಬಹುದು, ಹುಲ್ಲನ್ನು ಕೀಳಬಹುದು, ಮರವನ್ನು ನೆಡಬಹುದು. ನೀರನ್ನು ಮಾತ್ರ ನಾವು ಹುಟ್ಟಿಸಲಾರೆವು. ಆದ್ದರಿಂದ ನೀರಿನ ವಿಚಾರ ಮೊದಲು.

ಎರಡನೆಯದು ಟಾಲ್‌ಸ್ಟಾಯ್ ಫಾರ್ಮ್. ಫೀನಿಕ್ಸ್ ಇರುವಾಗ ಇನ್ನೊಂದೇಕೆ ಬೇಕಾಯಿತು? ಸತ್ಯಾಗ್ರಹ ನಡೆದದ್ದು ಟ್ರಾನ್ಸ್‌ವಾಲ್ ಪ್ರಾಂತದಲ್ಲಿ. ಜೈಲಿಗೆ ಹೋದವರ ಹೆಂಡಿರು ಮಕ್ಕಳಿಗೆ ಆಸರೆ ಬೇಕಿತ್ತು. ಫೀನಿಕ್ಸ್ ಜೋಹಾನ್ಸ್‌ಬರ್ಗಿನಿಂದ 300 ಮೈಲು ದೂರ. ರೈಲಿನಲ್ಲಿ 30 ತಾಸಿನ ಹಾದಿ. ನೀರಿದ್ದರೂ ಆ ನೆಲ ಈ ಕೆಲಸಕ್ಕೆ ಬಾರದಾಯಿತು. ಆಗ, 1910ರಲ್ಲಿ, ಗಾಂಧೀಜಿಯವರ ಗೆಳೆಯ ಹರ್ಮನ್ ಕಾಲೆನ್‌ಬಾಕ್ ಅವರು ಜೋಹಾನ್ಸ್‌ಬರ್ಗಿನಿಂದ 21 ಮೈಲು ದೂರದ 1,100 ಎಕರೆ ಭೂಮಿಯನ್ನು ಕೊಂಡು, ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಅಲ್ಲಿ ಎರಡು ಬಾವಿ, ಒಂದು ಒರತೆ, ಸುಮಾರು ಸಾವಿರ ಹಣ್ಣಿನ ಮರಗಳಿದ್ದವು. ಲಾಲೀ ರೈಲು ನಿಲ್ದಾಣ ಒಂದು ಮೈಲು ದೂರದಲ್ಲಿತ್ತು. ಆದರೂ ಸ್ವಂತ ಕೆಲಸಕ್ಕೆ ಪಟ್ಟಣಕ್ಕೆ ಹೋಗುವವರು ನಡೆದೇ ಹೋಗಬೇಕೆಂಬ ನಿಯಮವಿತ್ತು! ಸ್ಥಳ ಚೆನ್ನಾಗಿದ್ದರೆ ಸಾಲದು, ನಾವು ಕೈಗೊಂಡ ಕೆಲಸಕ್ಕೆ ಅದು ಹತ್ತಿರವಿರಬೇಕು ಎಂಬುದು ಎರಡನೆಯ ಪಾಠ.

ಗಾಂಧೀಜಿಯವರು ಭಾರತಕ್ಕೆ ಮರಳಿದ ಮೇಲೆ 1915ರಲ್ಲಿ ಅಹಮದಾಬಾದಿನ ಹತ್ತಿರ ಕೋಚರಬ್ ಎಂಬಲ್ಲಿ ಬಾಡಿಗೆಯ ಬಂಗಲೆಯಲ್ಲಿ ಆಶ್ರಮವನ್ನು ಆರಂಭಿಸಿದರು. ಅಹಮದಾಬಾದು ಹಿಂದಿನಿಂದ ಕೈಮಗ್ಗಕ್ಕೆ ಹೆಸರಾದ ಊರು; ನೂಲುವ, ನೆಯ್ಯುವ ಕೆಲಸಕ್ಕೆ ಅನುಕೂಲ. ತಾವು ಗುಜರಾತಿಯಾದುದರಿಂದ ಮಾತೃಭಾಷೆಯ ಮೂಲಕವೇ ನಾಡಿನ ಸೇವೆಯನ್ನು ಹೆಚ್ಚಾಗಿ ಮಾಡಬಹುದೆಂದೂ ಅವರು ಎಣಿಸಿದರು. ಗಡಿನಾಡಿನಲ್ಲಿ ಕನ್ನಡ ಕಲಿಯುವ ನಮಗೆ ಈ ಮಾತು ಬೇಗ ತಿಳಿಯುತ್ತದೆ.

ಆದರೆ ಅಲ್ಲಿಯೇ ಕಠಿಣ ಪರೀಕ್ಷೆಯೂ ಕಾದಿತ್ತು. ಆಗ ಅಸ್ಪೃಶ್ಯರೆಂದು ದೂರವಿಡಲಾಗುತ್ತಿದ್ದ ಸಮಾಜದ ದೂದಾಭಾಯಿಯವರ ಕುಟುಂಬವನ್ನು ಆಶ್ರಮಕ್ಕೆ ಸೇರಿಸಿಕೊಂಡಾಗ ದಾನಿಗಳ ಹಣ ನಿಂತುಹೋಯಿತು. ಆಶ್ರಮದವರ ಕೊಡದ ಹನಿ ಬಿದ್ದರೆ ಮೈಲಿಗೆಯೆಂದು ಬಾವಿಯಲ್ಲಿ ನೀರೆತ್ತುವವನು ಬೈಯತೊಡಗಿದನು. ಬೈಗುಳವನ್ನು ಸಹಿಸಿಕೊಳ್ಳಿ, ನೀರು ಸೇದುವುದನ್ನು ಮಾತ್ರ ಬಿಡಬೇಡಿ ಎಂದು ಗಾಂಧೀಜಿ ಎಲ್ಲರಿಗೂ ಹೇಳಿದರು. ತಿರುಗಿ ಬೈಯದವರನ್ನು ಕಂಡು ಕಡೆಗೆ ಅವನೇ ನಾಚಿ ಸುಮ್ಮನಾದನು. ಬಾವಿಯಲ್ಲಿ ನೀರಿದ್ದರೂ ಎಲ್ಲರಿಗೂ ಅದು ದಕ್ಕದಿದ್ದರೆ ಅಂಥ ಸ್ಥಳವನ್ನು ನೀರಿರುವ ಸ್ಥಳವೆಂದು ಹೇಗೆ ಕರೆಯೋಣ?

1917ರಲ್ಲಿ ಕೋಚರಬ್ ಹಳ್ಳಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮಕ್ಕಳ ಜೀವದ ಭಯದಿಂದ ಆಶ್ರಮವನ್ನು ಸಾಬರಮತಿ ನದಿಯ ದಂಡೆಗೆ ಸಾಗಿಸಿದರು. ಹತ್ತಿರದಲ್ಲಿಯೇ ಸೆಂಟ್ರಲ್ ಜೈಲು! ಜೈಲುಗಳನ್ನು ಸಾಮಾನ್ಯವಾಗಿ ಶುಚಿಯಾದ ಜಾಗದಲ್ಲಿ ಕಟ್ಟುತ್ತಾರೆಂದು ಗಾಂಧೀಜಿ ತಿಳಿದಿದ್ದರು. ಸತ್ಯಾಗ್ರಹಿಗಳಿಗೆ ಜೈಲು ಹೇಗೂ ತಪ್ಪಿದ್ದಲ್ಲ. ಆ ಜಾಗದಲ್ಲಿ ಒಂದು ಮನೆಯಾಗಲಿ ಮರವಾಗಲಿ ಇರಲಿಲ್ಲ. ಗುಡಾರ ಹಾಕಿ, ಅಡಿಗೆಗೆ ತಗಡಿನ ಚಪ್ಪರ ಕಟ್ಟಿ ಆರಂಭಿಸಿದರು. ಪಟ್ಟಣದ ಗದ್ದಲ ತಟ್ಟಬಾರದು, ಆದರೆ ಪಟ್ಟಣ ಕೈಗೆಟುಕದಷ್ಟು ದೂರವೂ ಆಗಬಾರದು; ಇದು ಅವರ ಲೆಕ್ಕ.

ನಾಲ್ಕನೆಯದು ನಮ್ಮ ಮಹಾರಾಷ್ಟ್ರದಲ್ಲಿಯೇ ಇದೆ. 1936ರಲ್ಲಿ ಗಾಂಧೀಜಿ ವರ್ಧಾದಿಂದ ಸುಮಾರು ಐದು ಮೈಲು ದೂರದ ಸೇಗಾಂವ್ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿಗೆ ಸರಿಯಾದ ರಸ್ತೆಯಿಲ್ಲ, ಅಂಚೆ ಕಚೇರಿಯಿಲ್ಲ. ಮಲೇರಿಯಾದ ಕಾಟ ಬೇರೆ. ಅವರೂ ಆ ಜ್ವರದಲ್ಲಿ ಮಲಗಿದರು. ಹಿಂದಿನ ಮೂರು ಸಲದ ಲೆಕ್ಕದಿಂದ ನೋಡಿದರೆ ಇದು ಬೇಡವೆನ್ನಬೇಕಾದ ಸ್ಥಳ. ಆದರೆ ಈ ಸಲ ಅವರು ಅನುಕೂಲವಿರುವ ಬಯಲನ್ನು ಹುಡುಕಲಿಲ್ಲ, ಜನರಿರುವ ಹಳ್ಳಿಯನ್ನು ಹುಡುಕಿದರು. ಕೊರತೆ ಇರುವಲ್ಲಿಯೇ ಕೆಲಸವಿರುತ್ತದೆಯಲ್ಲವೇ? 1940ರಲ್ಲಿ ಆ ಊರಿಗೆ ಸೇವಾಗ್ರಾಮವೆಂಬ ಹೆಸರಾಯಿತು.

ಇದರಿಂದ ನಾವು ತಿಳಿಯಬೇಕಾದುದೇನು? ಸ್ಥಳವನ್ನು ನೋಡುವವರು ಬಾವಿಯನ್ನು ಶ್ರಾವಣದಲ್ಲಿ ನೋಡಬಾರದು, ವೈಶಾಖದಲ್ಲಿ ನೋಡಬೇಕು. ಮಣ್ಣನ್ನು ಕೈಯಲ್ಲಿ ಹಿಡಿದು ನೋಡಬೇಕು. ಕಾಯಿಲೆಯಾದವರನ್ನು ಆಸ್ಪತ್ರೆಗೆ ಒಯ್ಯಲು, ಬೆಳೆದದ್ದನ್ನು ಸಂತೆಗೆ ಒಯ್ಯಲು ಹಾದಿ ಇದೆಯೇ ಎಂದು ಕೇಳಬೇಕು. ನೆರೆಯವರು ಯಾರು, ಅವರಿಗೆ ನಮ್ಮಿಂದ ಏನು ಪ್ರಯೋಜನ ಎಂದೂ ಕೇಳಬೇಕು. ಸ್ವಾವಲಂಬನೆ ಎಂದರೆ ಒಂಟಿತನವಲ್ಲ. ಗಾಂಧೀಜಿಯವರ ನಾಲ್ಕು ನೆಲೆಗಳಲ್ಲಿ ಒಂದೂ ಜನರಿಂದ ಓಡಿಹೋಗಿ ಕಟ್ಟಿದ್ದಲ್ಲ.

ಈಗ ನಮ್ಮ ತರಗತಿಯ ಮಾತಿಗೆ ಬರೋಣ. ನಮ್ಮದು ಮಳೆ ಕಡಿಮೆಯಾದ ಸೀಮೆ. ಮಳೆ ಕೈಕೊಟ್ಟ ವರ್ಷ ಟ್ಯಾಂಕರಿನ ಹಾದಿ ಕಾಯುತ್ತೇವೆ. ದೀಪಾವಳಿ ಮುಗಿಯಿತೆಂದರೆ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಹೊರಡುತ್ತವೆ. ನಮ್ಮ ಪಕ್ಕದಲ್ಲಿ ಕುಳಿತಿದ್ದ ಗೆಳೆಯರ ಜಾಗ ಬರಿದಾಗುತ್ತದೆ. ಹೊಸ ನೆಲೆಯನ್ನು ಹುಡುಕುವ ಮೊದಲು ಈ ಬರಿದಾದ ಜಾಗವನ್ನು ನೋಡುವುದು ಒಳ್ಳೆಯದು. ಹೊಲದ ಬದುವನ್ನು ಗಟ್ಟಿ ಮಾಡಿ ಬಿದ್ದ ಮಳೆಯನ್ನು ಅಲ್ಲಿಯೇ ಇಂಗಿಸುವುದು, ಹಳೆಯ ಬಾವಿಯ ಹೂಳು ತೆಗೆಯುವುದು, ಶಾಲೆಯ ಅಂಗಳದಲ್ಲಿ ಬೇವಿನ ಸಸಿ ನೆಟ್ಟು ಬೇಸಿಗೆಯಲ್ಲಿ ಸಾಕುವುದು ನಮ್ಮಿಂದ, ನಮ್ಮ ತಂದೆತಾಯಿಗಳಿಂದ ಆಗುವ ಕೆಲಸಗಳು. ಇದರಿಂದ ಒಂದೇ ವರ್ಷದಲ್ಲಿ ಎಲ್ಲರೂ ಊರಿನಲ್ಲಿಯೇ ಉಳಿಯುತ್ತಾರೆಂದು ನಾವು ಹೇಳುವುದಿಲ್ಲ. ಆದರೆ ಒಂದು ಮನೆಯಾದರೂ ಉಳಿದರೆ ನಮ್ಮ ತರಗತಿಯಲ್ಲಿ ಒಂದು ಜಾಗ ತುಂಬುತ್ತದೆ.

ತಕ್ಕ ಸ್ಥಳ ಯಾವುದೆಂದು ಮತ್ತೆ ಯಾರಾದರೂ ಕೇಳಿದರೆ, ಈ ಸಲ ನಾವು ನಗುವುದಿಲ್ಲ.