ಪುಣೆಯ ಆಟ, ಪರರ ಹೆಸರು

ನಮ್ಮ ವಾಚಕರಲ್ಲಿ ಅನೇಕರು ಸಾಯಂಕಾಲ ಕಚೇರಿಯಿಂದ ಹಿಂದಿರುಗಿದ ತರುವಾಯ ಬ್ಯಾಡ್ಮಿಂಟನ್ ಆಡುವವರೇ ಆಗಿರುವರು. ಆದರೆ ತಾವು ಆಡುವ ಆಟದ ಹೆಸರು ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿರುವ ಒಬ್ಬ ಡ್ಯೂಕನ ಬಂಗಲೆಯದೆಂಬುದನ್ನು ಅವರಲ್ಲಿ ಎಷ್ಟು ಮಂದಿ ಬಲ್ಲರೋ ಅರಿಯೆವು. ಗರಿಯ ಚೆಂಡನ್ನು ಹಲಗೆಯಿಂದ ಹೊಡೆದಾಡುವ ವಿನೋದವು ಅನೇಕ ದೇಶಗಳಲ್ಲಿ ಪುರಾತನವಾದುದು. ಅದಕ್ಕೆ ನಡುವೆ ಬಲೆಯನ್ನು ಕಟ್ಟಿ, ಎಣಿಕೆಯನ್ನು ಗೊತ್ತುಮಾಡಿ, ಸೋಲುಗೆಲುವಿನ ಆಟವಾಗಿ ಮಾಡಿದ್ದು ೧೮೭೦ರ ದಶಕದಲ್ಲಿ, ನಮ್ಮ ಪುಣೆಯ ದಂಡಿನಲ್ಲಿದ್ದ ಆಂಗ್ಲ ಅಧಿಕಾರಿಗಳ ನಡುವೆ. ಆಗ ಅದನ್ನು ‘ಪೂನಾ’ ಎಂದೇ ಕರೆಯುತ್ತಿದ್ದರು. ರಜೆಯ ಮೇಲೆ ಊರಿಗೆ ಹೋದವರು ಆಟವನ್ನು ಒಯ್ದರು. ಹೆಸರು ಮಾತ್ರ ಪುಣೆಯದಾಗಿ ಉಳಿಯಲಿಲ್ಲ.

ಇಂಗ್ಲೆಂಡಿನಲ್ಲಿ ೧೮೯೩ರಲ್ಲಿ ಸಂಘವೂ, ೧೮೯೯ರಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿಯೂ ಹುಟ್ಟಿದವು. ೧೯೩೪ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವು ಸ್ಥಾಪಿತವಾದಾಗ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್, ಡೆನ್ಮಾರ್ಕ್, ಹಾಲೆಂಡ್, ಫ್ರಾನ್ಸ್, ಕೆನಡಾ, ನ್ಯೂಜಿಲೆಂಡ್ ಎಂಬ ಒಂಬತ್ತು ದೇಶಗಳು ಅದರ ಮೂಲ ಸದಸ್ಯರಾದವು. ಏಷ್ಯಾ ಖಂಡದ ಒಂದು ದೇಶವೂ ಈ ಪಟ್ಟಿಯಲ್ಲಿರಲಿಲ್ಲ. ತೊಟ್ಟಿಲು ತೂಗಿದವರಿಗೆ ಹಸೆಮಣೆಯ ಬಳಿ ಸ್ಥಳವಿಲ್ಲವಾಯಿತು.

೧೯೪೭ರ ಮಾರ್ಚಿಯಲ್ಲಿ ಆಲ್ ಇಂಗ್ಲೆಂಡ್ ಪಂದ್ಯಗಳಿಗೆ ಲಾಹೋರಿನ ಪ್ರಕಾಶನಾಥರೂ ದೇವಿಂದರ ಮೋಹನರೂ ಹೋಗಿದ್ದರು. ಚೀಟಿಯ ದೆಸೆಯಿಂದ ಇವರಿಬ್ಬರೇ ಪರಸ್ಪರ ಎದುರಾಳಿಗಳಾಗಬೇಕಾಗಿ ಬಂದಿತು. ಪರದೇಶದಲ್ಲಿ ನಮ್ಮವರೇ ಒಬ್ಬರನ್ನೊಬ್ಬರು ದಣಿಸುವುದು ವ್ಯರ್ಥವೆಂದು ನಾಣ್ಯವನ್ನು ಚಿಮ್ಮಿ ನಿರ್ಣಯಿಸಿಕೊಂಡರು. ಮುಂದಕ್ಕೆ ಹೋದ ಪ್ರಕಾಶನಾಥರು ಅಂತಿಮ ಪಂದ್ಯವನ್ನು ಮುಟ್ಟಿದರು. ಭಾರತೀಯನೊಬ್ಬನು ಅಲ್ಲಿಯವರೆಗೆ ಬಂದದ್ದು ಅದೇ ಮೊದಲು. ಆದರೆ ಆ ದಿನದ ವೃತ್ತಪತ್ರಿಕೆಯಲ್ಲಿ ಅವರ ಕಣ್ಣಿಗೆ ಬಿದ್ದುದು ಲಾಹೋರು ಹತ್ತಿ ಉರಿಯುತ್ತಿರುವ ವಾರ್ತೆ. ಮನೆಮಂದಿ ಏನಾದರೋ ತಿಳಿಯದ ಮನುಷ್ಯನು ಸ್ವೀಡನ್ನಿನ ಜೆಪ್ಸೆನ್ನನಿಗೆ ಸೋತನು. ಆ ಸೋಲನ್ನು ಆಟದ ಸೋಲೆಂದು ಬರೆಯಲು ನಮ್ಮ ಲೇಖನಿ ಒಪ್ಪದು.

ಎರಡು ವರ್ಷಗಳಲ್ಲಿಯೇ ಗಾಳಿ ತಿರುಗಿತು. ಸರ್ ಜಾರ್ಜ್ ಥಾಮಸ್ಸನು (ಈತನು ಚದುರಂಗದಲ್ಲಿಯೂ ಬ್ರಿಟನ್ನಿನ ಚಾಂಪಿಯನ್ನನಾಗಿದ್ದನು) ೧೯೩೯ರಲ್ಲಿ ನೀಡಿದ್ದ ಬಟ್ಟಲು ಯುದ್ಧದ ದೆಸೆಯಿಂದ ಪೆಟ್ಟಿಗೆಯಲ್ಲಿಯೇ ಉಳಿದಿತ್ತು. ೧೯೪೯ರಲ್ಲಿ ಪ್ರೆಸ್ಟನ್ ನಗರದಲ್ಲಿ ಅದಕ್ಕಾಗಿ ಮೊದಲ ಅಂತಿಮ ಪಂದ್ಯವು ನಡೆದಾಗ, ಇನ್ನೂ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಮಲಯದ ತರುಣರು ಡೆನ್ಮಾರ್ಕನ್ನು ಎಂಟು ಪಂದ್ಯಗಳಿಗೆ ಒಂದರಂತೆ ಸೋಲಿಸಿದರು. ಮಲಯಕ್ಕೆ ಸ್ವಾತಂತ್ರ್ಯ ಬಂದದ್ದು ೧೯೫೭ರಲ್ಲಿ. ಅದರೊಳಗೆ ಬಟ್ಟಲು ಮೂರು ಸಲ ಅವರದಾಗಿತ್ತು. ೧೯೫೮ರಲ್ಲಿ ಅದು ಇಂಡೋನೇಷಿಯಾದವರ ಕೈಸೇರಿತು. ಆಳಿಸಿಕೊಂಡವರು ಆಳಿದವರ ಕ್ರೀಡಾಂಗಣದಲ್ಲಿ ಗೆದ್ದುದು ನಮಗೆ ಕೇವಲ ಆಟದ ಸುದ್ದಿಯಾಗಿ ತೋರುವುದಿಲ್ಲ. ೧೯೯೨ರಲ್ಲಿ ಬಾರ್ಸೆಲೋನಾದಲ್ಲಿ ಈ ಆಟಕ್ಕೆ ಒಲಿಂಪಿಕ್ ಪದಕಗಳು ಮೊದಲು ಇಟ್ಟಾಗ, ಸ್ತ್ರೀಪುರುಷರ ಒಂಟಿ ಪಂದ್ಯಗಳ ಎರಡು ಸ್ವರ್ಣಗಳೂ ಇಂಡೋನೇಷಿಯಾಕ್ಕೆ ಸಂದವು. ಡ್ಯೂಕನ ಜಿಲ್ಲೆಯ ಚೆಲ್ಟನ್‌ಹ್ಯಾಂ ಪಟ್ಟಣದಲ್ಲಿದ್ದ ಒಕ್ಕೂಟದ ಕಚೇರಿಯೂ ೨೦೦೫ರಲ್ಲಿ ಕ್ವಾಲಾಲಂಪುರಕ್ಕೆ ವರ್ಗವಾಯಿತು.

ಹಾಗಾದರೆ ಆಟದ ತವರಿನವರಾದ ನಾವು ಎಲ್ಲಿದ್ದೆವು? ಹದಿನಾರು ಗರಿಗಳ ಆ ಚೆಂಡಿನ ತೂಕ ಐದು ಗ್ರಾಂ ಆಸುಪಾಸು. ಬಾಗಿಲಿನಿಂದ ಬೀಸಿದ ಗಾಳಿಯೂ ಅದರ ದಾರಿಯನ್ನು ಕೆಡಿಸಬಲ್ಲುದು. ಆದುದರಿಂದ ದೊಡ್ಡ ಪಂದ್ಯಗಳಿಗೆ ಅಣಿಯಾಗುವವನಿಗೆ ಎತ್ತರವಾದ ಮುಚ್ಚಿದ ಮಂದಿರವೇ ಬೇಕು. ಬೆಂಗಳೂರಿನ ಪ್ರಕಾಶ ಪಡುಕೋಣೆಯವರು ಬಾಲ್ಯದಲ್ಲಿ ಅಭ್ಯಾಸ ಮಾಡಿದ್ದು ಮನೆಯ ಸಮೀಪದ ಮದುವೆಯ ಮಂಟಪದಲ್ಲಿ. ಮದುವೆಯಿದ್ದ ದಿನ ಆಟವಿಲ್ಲ. ಲಗ್ನದ ತಿಂಗಳುಗಳಲ್ಲಿ ಆ ಬಾಲಕನ ಅಭ್ಯಾಸವೇನಾಗುತ್ತಿದ್ದಿತೆಂಬುದನ್ನು ವಾಚಕರೇ ಊಹಿಸಲಿ! ಇಂತಹವರು ೧೯೮೦ರಲ್ಲಿ ಇಂಡೋನೇಷಿಯಾದ ಲಿಯೆಂ ಸ್ವೀ ಕಿಂಗನನ್ನು ೧೫–೩, ೧೫–೧೦ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಪಡೆದರು. ಆದರೂ ಅಭ್ಯಾಸಕ್ಕೆ ಅನುಕೂಲವನ್ನು ಅರಸಿ ಅವರು ಡೆನ್ಮಾರ್ಕಿಗೆ ಹೋಗಿ ನೆಲಸಬೇಕಾಯಿತು. ಪುಣೆಯ ಆಟವನ್ನು ಕಲಿಯಲು ಕೋಪನ್‌ಹೇಗನ್ನಿಗೆ ಪಯಣ! ಸನ್ಮಾನದ ಹಾರಗಳಿಗೆ ನಾವು ಲೋಭ ಮಾಡಲಿಲ್ಲ, ಮಂದಿರಗಳಿಗೆ ಮಾಡಿದೆವು.

ಅವರು ಹಿಂದಿರುಗಿ ೧೯೯೪ರಲ್ಲಿ ಬೆಂಗಳೂರಿನಲ್ಲಿ ಶಿಕ್ಷಣಶಾಲೆಯನ್ನು ತೆರೆದರು. ಅಲ್ಲಿ ಕಲಿತ ಪುಲ್ಲೇಲ ಗೋಪಿಚಂದರು ೨೦೦೧ರಲ್ಲಿ ಆಲ್ ಇಂಗ್ಲೆಂಡನ್ನು ಗೆದ್ದು, ಹೈದರಾಬಾದಿನಲ್ಲಿ ತಮ್ಮದೇ ಶಾಲೆಯನ್ನು ಕಟ್ಟಿದರು. ೨೦೨೨ರ ಮೇ ೧೫ರಂದು ಬ್ಯಾಂಕಾಕಿನಲ್ಲಿ ಭಾರತವು ಮೊಟ್ಟಮೊದಲಿಗೆ ಥಾಮಸ್ ಬಟ್ಟಲಿನ ಅಂತಿಮ ಪಂದ್ಯಕ್ಕೆ ಇಳಿಯಿತು. ಎದುರಾಳಿ ಹದಿನಾಲ್ಕು ಸಲ ಗೆದ್ದ ಇಂಡೋನೇಷಿಯಾ. ಮೊದಲು ಕಣಕ್ಕೆ ಬಂದವರು ಬೆಂಗಳೂರಿನ ಶಾಲೆಯಲ್ಲಿ ಬೆಳೆದ ಲಕ್ಷ್ಯ ಸೇನರು. ಮೊದಲ ಸುತ್ತನ್ನು ೮–೨೧ರಿಂದ ಕಳೆದುಕೊಂಡು, ಉಳಿದೆರಡನ್ನು ಗೆದ್ದರು. ಸಂಜೆಯೊಳಗೆ ಬಟ್ಟಲು ಮೂರು–ಸೊನ್ನೆಯಿಂದ ನಮ್ಮದಾಗಿತ್ತು.