ತಂತಿಯ ಮೇಲೆ ಬಂದ ನಾದ

ವಾಲ್ಟ್ ಡಿಸ್ನಿಯವರ ‘ಫ್ಯಾಂಟೇಸಿಯಾ’ ಚಿತ್ರದಲ್ಲಿ ಮಿಕ್ಕಿ ಮೌಸ್ ವೇದಿಕೆಯನ್ನೇರಿ ವಾದ್ಯವೃಂದದ ನಾಯಕನ ಕೈಕುಲುಕುವ ದೃಶ್ಯವನ್ನು ಒಮ್ಮೆ ನೋಡಿದ ಮಕ್ಕಳು ಮರೆಯುವುದುಂಟೆ? ಆ ನೆರಳಿನಾಕೃತಿ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿಯವರದು. ೧೮೮೨ರಲ್ಲಿ ಲಂಡನ್ನಿನಲ್ಲಿ ಜನಿಸಿ, ೧೯೧೨ರಿಂದ ಅಮೆರಿಕದ ಫಿಲಡೆಲ್ಫಿಯ ವಾದ್ಯವೃಂದವನ್ನು ಮುನ್ನಡೆಸಿದ ಈ ಕಲಾವಿದರಿಗೆ ಸ್ವರಗಳಷ್ಟೇ ಯಂತ್ರಗಳ ಮೇಲೂ ಮೋಹವಿದ್ದಿತು.

೧೯೩೩ರ ಏಪ್ರಿಲ್ ೨೭ರಂದು ಅವರ ವಾದ್ಯವೃಂದವು ಫಿಲಡೆಲ್ಫಿಯದಲ್ಲಿ ಮತ್ತೊಬ್ಬರ ನೇತೃತ್ವದಲ್ಲಿ ನುಡಿಸಿತು. ಸ್ಟೊಕೊವ್‌ಸ್ಕಿಯವರಾದರೋ ದೂರದ ವಾಷಿಂಗ್ಟನ್ನಿನಲ್ಲಿ ಕುಳಿತು ಯಂತ್ರದ ಗುಂಡಿಗಳನ್ನು ತಿರುಗಿಸುತ್ತಿದ್ದರು! ಬೆಲ್ ಪ್ರಯೋಗಾಲಯದವರು ಇದಕ್ಕೆಂದೇ ಸಜ್ಜುಗೊಳಿಸಿದ ಮೂರು ದೂರವಾಣಿ ಮಾರ್ಗಗಳಲ್ಲಿ ಹರಿದುಬಂದ ನಾದವು ಮೂರು ಧ್ವನಿವರ್ಧಕಗಳಿಂದ ಹೊಮ್ಮಿತು. ಯಾವ ವಾದ್ಯ ಎಡಕ್ಕೆ, ಯಾವುದು ಬಲಕ್ಕೆ ಎಂಬುದು ಬರಿದಾದ ವೇದಿಕೆಯ ಮುಂದೆ ಕುಳಿತ ಕೇಳುಗರಿಗೆ ಗೋಚರವಾಯಿತು. ಈ ತಂತಿಯ ವಿಷಯವನ್ನು ವಾಚಕರು ನೆನಪಿನಲ್ಲಿಡಬೇಕು.

೧೯೩೭ರಲ್ಲಿ ಅವರು ‘ಒನ್ ಹಂಡ್ರೆಡ್ ಮೆನ್ ಅಂಡ್ ಎ ಗರ್ಲ್’ ಚಿತ್ರದಲ್ಲಿ ತಮ್ಮ ಪಾತ್ರವನ್ನು ತಾವೇ ವಹಿಸಿದರು. ಅದೇ ವರ್ಷ ಡಿಸ್ನಿಯವರ ಪರಿಚಯವಾಯಿತು. ‘ಫ್ಯಾಂಟೇಸಿಯಾ’ದ ಸಂಗೀತದ ಬಹುಭಾಗವನ್ನು ೧೯೩೯ರ ಏಪ್ರಿಲಿನಲ್ಲಿ ಫಿಲಡೆಲ್ಫಿಯದ ಅಕಾಡೆಮಿ ಆಫ್ ಮ್ಯೂಸಿಕ್ ಭವನದಲ್ಲಿ ಮುದ್ರಿಸಲಾಯಿತು. ಆಗ ನಾದವನ್ನು ಬೆಳಕಿನ ಮೂಲಕ ಫಿಲ್ಮಿನ ಮೇಲೆಯೇ ಬರೆಯುತ್ತಿದ್ದರು; ಇಲ್ಲಿ ವಾದ್ಯಗಳ ಒಂದೊಂದು ಗುಂಪಿಗೂ ಪ್ರತ್ಯೇಕ ಫಿಲ್ಮು. ೧೯೪೦ರ ನವೆಂಬರ್ ೧೩ರಂದು ನ್ಯೂಯಾರ್ಕಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ಚಿತ್ರ ತೆರೆಕಂಡಾಗ, ದೃಶ್ಯದ ಫಿಲ್ಮಿನೊಡನೆ ಮತ್ತೊಂದು ಫಿಲ್ಮು ಜೊತೆಜೊತೆಯಾಗಿ ಓಡಿತು. ಅದರಲ್ಲಿ ಮೂರು ನಾದಪಥಗಳು. ಯಾವ ಕ್ಷಣದಲ್ಲಿ ಎಷ್ಟು ಗಟ್ಟಿಯಾಗಿ ನುಡಿಯಬೇಕೆಂದು ಅಪ್ಪಣೆ ಕೊಡಲು ನಾಲ್ಕನೆಯದೊಂದು. ‘ಫ್ಯಾಂಟಸೌಂಡ್’ ಎಂದು ಇದರ ಹೆಸರು. ಬೆಲೆಯೋ, ಕೇಳುವಂತಿಲ್ಲ! ಬೆರಳೆಣಿಕೆಯ ನಗರಗಳನ್ನು ಕಂಡು ಆ ಸಲಕರಣೆ ಮೂಲೆ ಸೇರಿತು. ೧೯೪೨ರಲ್ಲಿ ಊರೂರಿಗೆ ಹೋದದ್ದು ಒಂದೇ ಧ್ವನಿಪಥದ, ಕತ್ತರಿಸಿದ ಪ್ರತಿ.

ಫಿಲ್ಮು ಶಿಲೆಯಲ್ಲ. ೧೯೫೫ರ ವೇಳೆಗೆ ಮೂಲ ಮುದ್ರಣ ಶಿಥಿಲವಾಗತೊಡಗಿತ್ತು. ಉಳಿದಿದ್ದ ಪ್ರತಿಯನ್ನು ನುಡಿಸಬಲ್ಲ ಯಂತ್ರ ಡಿಸ್ನಿ ಸ್ಟುಡಿಯೊದಲ್ಲಿ. ಅದನ್ನು ಕಾಂತಪಟ್ಟಿಗಿಳಿಸುವ ಯಂತ್ರ ಹಾಲಿವುಡ್ಡಿನ ಆರ್‌ಸಿಎ ಸಂಸ್ಥೆಯಲ್ಲಿ. ನಡುವೆ ಸೇತುವೆಯಾದದ್ದು ಮತ್ತೆ ದೂರವಾಣಿ ತಂತಿಯೇ! ನಾದ ಉಳಿಯಿತು, ಆದರೆ ಪಿಟೀಲುಗಳ ತಾರಸ್ವರದ ಮಿನುಗಿನಲ್ಲೊಂದಷ್ಟು ದಾರಿಯಲ್ಲೇ ಸೋರಿಹೋಯಿತು.

ಹಳೆಯ ನಾದ ಸಾಲದೆಂದು ೧೯೮೨ರಲ್ಲಿ ಅರ್ವಿನ್ ಕೋಸ್ಟಲ್ ಎಂಬವರಿಂದ ಇಡೀ ಸಂಗೀತವನ್ನು ಹೊಸದಾಗಿ ನುಡಿಸಿ ಡಿಜಿಟಲ್ ಪದ್ಧತಿಯಲ್ಲಿ ಮುದ್ರಿಸಿದರು. ಸ್ಟೊಕೊವ್‌ಸ್ಕಿಯವರು ೧೯೭೭ರಲ್ಲೇ ತೀರಿಕೊಂಡಿದ್ದರು. ಹೊಸ ನಾದ ಸ್ವಚ್ಛವಾಗಿಯೇ ಇದ್ದಿತು. ಆದರೆ ತೆರೆಯ ಮೇಲೆ ಕೈಬೀಸುವವರು ಒಬ್ಬರು, ಕಿವಿಗೆ ಬೀಳುವುದು ಇನ್ನೊಬ್ಬರ ಲಯ, ಇದೆಂಥ ನ್ಯಾಯ? ೧೯೯೦ರಲ್ಲಿ ಹಳೆಯ ಮುದ್ರಣವನ್ನೇ ಶುದ್ಧಿಗೊಳಿಸಿ ಮರಳಿ ಜೋಡಿಸಿದ್ದು ಸರಿಯಾಯಿತು.

ಮರುವರ್ಷ ಅದು ವೀಡಿಯೊ ಕ್ಯಾಸೆಟ್ ಮತ್ತು ಲೇಸರ್ ಡಿಸ್ಕುಗಳಲ್ಲಿ ಮನೆಮನೆಗೆ ಬಂದಿತು. ಒಂದು ಕೋಟಿಗೂ ಹೆಚ್ಚು ಕ್ಯಾಸೆಟ್ಟುಗಳು ಮಾರಾಟವಾದವು. ಒಂದೇ ಪುಟ್ಟ ಧ್ವನಿವರ್ಧಕದ ಟೆಲಿವಿಷನ್ನಿನಲ್ಲಿ ಅದನ್ನು ನೋಡಿದವರು, ತಮಗರಿವಿಲ್ಲದೆಯೇ, ೧೯೪೨ರ ಪ್ರೇಕ್ಷಕರ ಸಾಲಿಗೆ ಸೇರಿದರು. ಉತ್ತಮ ಸಲಕರಣೆಯುಳ್ಳವರಿಗೆ ಬೇರೆಯ ಪೇಚು: ಯಂತ್ರ ಸೂಕ್ಷ್ಮವಾದಷ್ಟೂ ಹಳೆಯ ತಂತಿಯ ಕೊರತೆಯೂ ಎದ್ದುಕಾಣುತ್ತದೆ. ೨೦೧೦ರ ಬ್ಲೂ-ರೇ ಡಿಸ್ಕನ್ನು ಹಾಕಿದವರು ತಾರಸ್ವರದ ಝಗಝಗವನ್ನು ಹುಡುಕದೆ, ಮೊದಲಿಗೇ ಬರುವ ಬಾಖ್ ಕೃತಿಯಲ್ಲಿ ಮಂದ್ರದ ತಂತಿವಾದ್ಯಗಳಿಗೆ ಕಿವಿಗೊಡಬೇಕು. ಆರ್ಗನ್ನಿಗೆಂದು ಬರೆದದ್ದನ್ನು ವಾದ್ಯವೃಂದಕ್ಕೆ ಹೊಂದಿಸಿದವರು ಸ್ಟೊಕೊವ್‌ಸ್ಕಿಯವರೇ.