ಎರಿ ಹೊಲಕ್ಕೆ ಬಂದ ಜೇನೆರಿ

ನವಲಗುಂದದಲ್ಲಿ ‘ಎರಿ’ ಎಂದರೆ ಕಪ್ಪು ಮಣ್ಣು. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಬಿಡದ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ, ಹಿಂಗಾರಿಯ ಒಂದು ಹದಕ್ಕೆ ಕಡ್ಲಿ ಬೆಳೆದು ಕೊಡುವ ಹೊಲ. ಅದೇ ಮಾತನ್ನು ಪುತ್ತೂರಿನ ತೋಟದಲ್ಲಿ ನಿಂತು ಆಡಿದರೆ ಕೇಳಿದವರು ಜೇನು ಪೆಟ್ಟಿಗೆಯ ಕಡೆ ತಿರುಗಿ ನೋಡುತ್ತಾರೆ. ಅಲ್ಲಿ ಎರಿ ಎಂದರೆ ಮೇಣದ ಆರು ಮೂಲೆಯ ಮನೆಗಳ ಸಾಲು. ಧಾರವಾಡದ ಕಡೆ ‘ಹುಟ್ಟು’ ಎನ್ನುವುದು ಅದಕ್ಕೇ. ಒಂದೇ ಕನ್ನಡದೊಳಗಿನ ಈ ಎರಡು ಎರಿಗಳು ಇಂದು ಬಯಲುಸೀಮೆಯಲ್ಲಿ ಒಂದೇ ಬದುವಿನ ಮೇಲೆ ಎದುರಾಗುತ್ತಿವೆ. ಸೂರ್ಯಪಾನ ಹೂಬಿಟ್ಟ ಹೊಲದ ಅಂಚಿಗೆ ಲಾರಿಯಿಂದ ಇಳಿಸಿದ ಮರದ ಪೆಟ್ಟಿಗೆಗಳ ಸಾಲು ಕಂಡರೆ, ಅದರ ಹಿಂದೆ ನೂರು ವರ್ಷ ದಾಟಿದ ಪಯಣವೊಂದಿದೆ. ಆ ಪಯಣದ ಉದ್ದಕ್ಕೂ ಜನ ಒಂದೆಡೆ ಸೇರಿ ಕಲಿತದ್ದಿದೆ.

ಜೇನು ಈ ಸೀಮೆಗೆ ಹೊಸದಲ್ಲ. ಊರ ಮುಂದಿನ ಆಲದ ಟೊಂಗೆಗೆ, ನೀರಿನ ಟಾಕಿಯ ಅಡಿಗೆ ಹೆಜ್ಜೇನು ತೂಗುತ್ತದೆ. ಜಾಲಿಕಂಟಿಯೊಳಗೆ ಅಂಗೈ ಅಗಲದ ಕೋಲುಜೇನು ಸಿಗುತ್ತದೆ. ರಾತ್ರಿ ಹೊಗೆ ಹಾಕಿ ಹುಟ್ಟು ಬಿಡಿಸುವವರು ಹಿಂದಿನಿಂದಲೂ ಇದ್ದಾರೆ. ಆದರೆ ಬಿಡಿಸುವುದು ಬೇರೆ, ಸಾಕುವುದು ಬೇರೆ. ಹೆಜ್ಜೇನು, ಕೋಲುಜೇನು ಎರಡೂ ತೆರೆದ ಗಾಳಿಯಲ್ಲಿ ಒಂದೇ ಹುಟ್ಟು ಕಟ್ಟುವ ಜಾತಿ. ಅವು ಪೆಟ್ಟಿಗೆಗೆ ಒಗ್ಗುವುದಿಲ್ಲ. ಮರದ ಪೊಟರೆ, ಹುತ್ತಗಳ ಕತ್ತಲಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿ ಕಟ್ಟುವ ತುಡುವೆ ನಮ್ಮ ನಾಡಿನಲ್ಲಿ ಪೆಟ್ಟಿಗೆ ಸಂಸಾರಕ್ಕೆ ಒಪ್ಪಿದ ಜೇನು.

ಆ ಪೆಟ್ಟಿಗೆಯ ಗುಟ್ಟು ಒಂದು ಸಣ್ಣ ಸಂದಿಯಲ್ಲಿದೆ. ಅಮೆರಿಕದ ಪಾದ್ರಿ ಲಾರೆಂಜೊ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಗಮನಿಸಿದ್ದು ಇಷ್ಟು: ಎರಡು ಎರಿಗಳ ನಡುವೆ ಮುಕ್ಕಾಲು ಅಂಗುಲದ ಅರ್ಧದಷ್ಟು ಜಾಗ ಬಿಟ್ಟರೆ ಹುಳಗಳು ಅದನ್ನು ಓಡಾಡುವ ಓಣಿಯಾಗಿ ಉಳಿಸಿಕೊಳ್ಳುತ್ತವೆ. ಜಾಗ ಅದಕ್ಕಿಂತ ಕಿರಿದಾದರೆ ಅಂಟು ತುಂಬಿ ಮುಚ್ಚುತ್ತವೆ, ಹಿರಿದಾದರೆ ಅಲ್ಲೂ ಎರಿ ಕಟ್ಟುತ್ತವೆ. ಓಣಿಯ ಅಳತೆ ಸರಿಯಾಗಿದ್ದರೆ ಚೌಕಟ್ಟುಗಳನ್ನು ಪುಸ್ತಕದ ಹಾಳೆಯಂತೆ ಒಂದೊಂದಾಗಿ ಎತ್ತಿ ನೋಡಿ, ಮತ್ತೆ ಅಲ್ಲೇ ಇಡಬಹುದು. ಹುಟ್ಟು ಹಿಂಡುವ ಕಾಲ ಅಲ್ಲಿಗೆ ಮುಗಿಯಿತು. ಮರಿ ಸಾಯದೆ, ಸಂಸಾರ ಒಡೆಯದೆ ತುಪ್ಪ ತೆಗೆಯುವ ದಾರಿ ತೆರೆಯಿತು. ಆದರೆ ಆ ಪೆಟ್ಟಿಗೆ ಯುರೋಪಿನ ದೊಡ್ಡ ಜೇನಿಗೆ ಹೊಂದುವಂಥದು. ತುಡುವೆಯ ಮೈಕಟ್ಟಿಗೆ ತಕ್ಕ ಚಿಕ್ಕ ಪೆಟ್ಟಿಗೆ ಮಾಡಿದವರು ತಿರುಚಿನಾಪಳ್ಳಿಯಲ್ಲಿದ್ದ ಜೆಸ್ವಿಟ್ ಪಾದ್ರಿ ನ್ಯೂಟನ್, 1910ರ ಸುಮಾರಿಗೆ. ಏಳು ಚೌಕಟ್ಟಿನ ಆ ನ್ಯೂಟನ್ ಪೆಟ್ಟಿಗೆ ದಕ್ಷಿಣ ಭಾರತದಲ್ಲಿ ಈಗಲೂ ಚಲಾವಣೆಯಲ್ಲಿದೆ. ಪೆಟ್ಟಿಗೆ ಮಾಡಿಟ್ಟು ಅವರು ಕೈತೊಳೆದುಕೊಳ್ಳಲಿಲ್ಲ. 1911ರಿಂದ 1917ರವರೆಗೆ ಹಳ್ಳಿಗರನ್ನು ಕೂರಿಸಿಕೊಂಡು ಕಲಿಸಿದರು. ಪೆಟ್ಟಿಗೆಯೂ ಪಾಠವೂ ನಮ್ಮ ನಾಡಿಗೆ ಜೊತೆಯಾಗಿಯೇ ಬಂದವು.

1928ರಲ್ಲಿ ಕೃಷಿ ಕುರಿತ ರಾಯಲ್ ಕಮಿಷನ್ ಜೇನು ಸಾಕಣೆಯನ್ನು ಗೃಹೋದ್ಯೋಗವಾಗಿ ಬೆಳೆಸಬೇಕೆಂದಿತು. 1934ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಹುಟ್ಟುಹಾಕಿದ ಗ್ರಾಮೋದ್ಯೋಗ ಸಂಘ ಗಾಣ, ಕಾಗದ, ಬೆಲ್ಲದ ಜೊತೆ ಜೇನನ್ನೂ ಕೈಗೆತ್ತಿಕೊಂಡಿತು. ಕನ್ನಡ ಮಾತಾಡುವ ಜನ ಆಗ ಒಂದೇ ಆಡಳಿತದಲ್ಲಿರಲಿಲ್ಲ. ಕೊಡಗು ಬೇರೆ ಪ್ರಾಂತ, ಪುತ್ತೂರು ಮದರಾಸಿಗೆ ಸೇರಿದ್ದು, ಧಾರವಾಡ ಮತ್ತು ಕಾರವಾರ ಮುಂಬಯಿಗೆ. ಹಾಗಿದ್ದೂ ಕೆಲವೇ ವರ್ಷಗಳ ಅಂತರದಲ್ಲಿ ಎರಡು ಕಡೆ ಒಂದೇ ಬಗೆಯ ಕೂಟಗಳು ಹುಟ್ಟಿದವು. 1936ರಲ್ಲಿ ವಿರಾಜಪೇಟೆಯಲ್ಲಿ ಕೊಡಗಿನ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ, 1939ರಲ್ಲಿ ಪುತ್ತೂರಿನಲ್ಲಿ ದಕ್ಷಿಣ ಕನ್ನಡದ ಜೇನು ವ್ಯವಸಾಯಗಾರರ ಸಹಕಾರ ಸಂಘ. ಪುತ್ತೂರಿನ ಸಂಘದ ‘ಮಾಧುರಿ’ ಜೇನುತುಪ್ಪದ ಬಾಟಲಿ ಇಂದಿಗೂ ಕರಾವಳಿಯ ಮನೆಗಳಲ್ಲಿ ಕಾಣುತ್ತದೆ.

ಇಲ್ಲಿ ಧಾರವಾಡದವರು ಹೆಮ್ಮೆಯಿಂದ ನೆನೆಯಬೇಕಾದ ಮಾತೊಂದಿದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ನೋಂದಣಿಯಾದದ್ದು ಗದಗಿನ ಹತ್ತಿರದ ಕಣಗಿನಹಾಳದಲ್ಲಿ. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಗದಗ ಆಗ ಧಾರವಾಡ ಜಿಲ್ಲೆಯೊಳಗೇ ಇತ್ತು. ಅಣ್ಣಿಗೇರಿಯ ಹೊಲಗಳಿಂದ ಅದು ನೆರೆಯೂರು. ಸಹಕಾರದ ಬೀಜ ಮೊಳೆತದ್ದು ಎರಿ ಮಣ್ಣಿನಲ್ಲಿ. ಅದೇ ಬಗೆಯ ಸಂಘದೊಳಗೆ ಜೇನು ನೆಲೆ ಕಂಡದ್ದು ಘಟ್ಟದ ನೆರಳಿನಲ್ಲಿ.

ಆ ಸಂಘಗಳ ಕೆಲಸ ತುಪ್ಪ ಕೊಂಡು ಮಾರುವುದರಲ್ಲಿ ಮುಗಿಯುತ್ತಿರಲಿಲ್ಲ. ಹೊಸ ಸದಸ್ಯನಿಗೆ ಪೆಟ್ಟಿಗೆ ಕೊಟ್ಟರೆ ಅದನ್ನು ತೆರೆಯುವ ಧೈರ್ಯವನ್ನೂ ಕೊಡಬೇಕಾಗಿತ್ತು. ಹುಳ ಪಾಲಾಗಿ ಹೊರಟರೆ ಏನು ಮಾಡಬೇಕು, ಮಳೆಗಾಲದಲ್ಲಿ ಸಕ್ಕರೆ ಪಾಕ ಎಷ್ಟು ಕೊಡಬೇಕು, ಮೇಣದ ಪತಂಗ ಹೊಕ್ಕ ಎರಿಯನ್ನು ಯಾಕೆ ಸುಡಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಟ್ಟರೆ ಯಾರಿಗೂ ಬರುವುದಿಲ್ಲ. ಭಾಗಮಂಡಲದಲ್ಲಿ ‘ಮಧುವನ’ ಬೆಳೆಸಿ ಜೇನಿನ ತರಬೇತಿ ನಡೆಸಿದ್ದೂ ಇದೇ ಕಾರಣಕ್ಕೆ.

ಸ್ವಾತಂತ್ರ್ಯದ ನಂತರ, 1953ರಲ್ಲಿ ಖಾದಿ ಗ್ರಾಮೋದ್ಯೋಗ ಮಂಡಳಿ ಬಂತು. ಅದರ ಪಟ್ಟಿಯಲ್ಲಿ ಜೇನೂ ಇತ್ತು. 1962ರಲ್ಲಿ ಪುಣೆಯಲ್ಲಿ ಕೇಂದ್ರೀಯ ಜೇನು ಸಂಶೋಧನಾ ಸಂಸ್ಥೆ ಶುರುವಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿ, ಮುಂದೆ ರಾಷ್ಟ್ರಧ್ವಜ ಹೊಲಿಯುವ ಕೀರ್ತಿ ಪಡೆಯಿತು. ಇಷ್ಟಿದ್ದೂ ಜೇನು ಪೆಟ್ಟಿಗೆ ನವಲಗುಂದ, ಅಣ್ಣಿಗೇರಿಗಳ ಕಡೆ ಬೇರು ಬಿಡಲಿಲ್ಲ. ಕಾರಣ ಜನರ ಸೋಮಾರಿತನವಲ್ಲ, ನೆಲದ ಗುಣ. ತುಡುವೆಗೆ ವರ್ಷವಿಡೀ, ಒಂದು ಒಂದೂವರೆ ಕಿಲೋಮೀಟರಿನೊಳಗೆ ಏನಾದರೊಂದು ಹೂ ಬೇಕು. ಎರಿ ಹೊಲದಲ್ಲಿ ಹೂ ಬಂದರೆ ಹೊಲದ ತುಂಬ, ಹೋದರೆ ಕಣ್ಣು ಹಾಯುವಷ್ಟೂ ಬಯಲು. ಸುಗ್ಗಿ ಮುಗಿದ ಮೇಲೆ ಬೇವು ಹೂಬಿಡುವ ತನಕ ಹುಳ ಏನು ತಿನ್ನಬೇಕು? ಕಲಘಟಗಿಯ ಮಾತು ಬೇರೆ. ಬೇಡ್ತಿಯ ದಂಡೆ, ಮಾವಿನ ತೋಟ, ಕಾಡಿನ ಅಂಚು, ಮತ್ತಿ, ನೇರಲ, ಹೊಂಗೆ. ಒಂದೇ ಜಿಲ್ಲೆಯೊಳಗೆ ಪಡುವಣದ ಅಂಚು ಪೆಟ್ಟಿಗೆ ನೆಲೆ ನಿಲ್ಲುವ ಜಾಗ, ಮೂಡಣದ ಬಯಲು ಪೆಟ್ಟಿಗೆ ಬಂದು ಹೋಗುವ ಜಾಗ. ಜೇನಿನ ಯಾವುದೇ ಯೋಜನೆ ಈ ವ್ಯತ್ಯಾಸ ಮರೆತು ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಪೆಟ್ಟಿಗೆ ಹಂಚಿದರೆ, ಅರ್ಧ ಪೆಟ್ಟಿಗೆಗಳು ಹಿತ್ತಲಲ್ಲಿ ಕೋಳಿಗೂಡಾಗುತ್ತವೆ.

ಘಟ್ಟದ ಮೇಲೆ ದೊಡ್ಡ ಹೊಡೆತ ಬಿದ್ದದ್ದು 1991–92ರಲ್ಲಿ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗೆ ತಗುಲಿತು. ಮರಿಹುಳು ಕೋಶ ಕಟ್ಟುವ ಮುಂಚೆಯೇ ಸತ್ತು ನೀರು ತುಂಬಿದ ಚೀಲದಂತಾಗುತ್ತದೆ. ಮುಂದಿನ ಪೀಳಿಗೆಯಿಲ್ಲದೆ ಸಂಸಾರ ಕರಗಿ ಹೋಗುತ್ತದೆ. ಹಲವೆಡೆ ಹತ್ತು ಪೆಟ್ಟಿಗೆಗೆ ಒಂಬತ್ತು ಬರಿದಾದವು. ಕೊಡಗಿನ ಜೇನು ಎಂಬ ಹೆಸರಿಗೇ ಕುತ್ತು ಬಂತು. ಮನೆಯ ಹಿರಿಯರು ಸತ್ತಂತೆ ದುಃಖಪಟ್ಟವರಿದ್ದರು. ಔಷಧಿ ಇರಲಿಲ್ಲ. ತಮ್ಮಷ್ಟಕ್ಕೆ ಉಳಿದುಕೊಂಡ ಗಟ್ಟಿ ಕುಟುಂಬಗಳನ್ನು ಹುಡುಕಿ, ಅವನ್ನೇ ಪಾಲು ಮಾಡಿ ಮತ್ತೆ ಬೆಳೆಸುವುದೊಂದೇ ದಾರಿ. ಯಾರ ಪೆಟ್ಟಿಗೆ ಬದುಕಿದೆ, ಯಾರದು ಹೋಗಿದೆ ಎಂಬುದು ಒಬ್ಬರಿಗೊಬ್ಬರು ಹೇಳಿಕೊಂಡಲ್ಲದೆ ತಿಳಿಯುವಂಥದಲ್ಲ. ಸಂಘ ಎಂದರೆ ಏನೆಂಬುದು ಆ ಎರಡು ವರ್ಷಗಳಲ್ಲಿ ತಿಳಿದಷ್ಟು ಒಳ್ಳೆಯ ಸುಗ್ಗಿಯಲ್ಲಿ ತಿಳಿದಿರಲಾರದು.

ಆ ನಷ್ಟದ ನಂತರ ಮೆಲ್ಲಿಫೆರಾಕ್ಕೆ ಇಲ್ಲಿ ಬಾಗಿಲು ಅಗಲವಾಯಿತು. ಯುರೋಪಿನ ಈ ಜೇನು 1962–64ರ ಹೊತ್ತಿಗೆ ಕಾಂಗ್ರಾ ಕಣಿವೆಯ ನಗ್ರೋಟಾದಲ್ಲಿ ನೆಲೆಯೂರಿ, ಪಂಜಾಬದ ಸಾಸಿವೆ ಹೊಲಗಳಲ್ಲಿ ಬೆಳೆದು, ನಿಧಾನವಾಗಿ ದಕ್ಷಿಣಕ್ಕೆ ಇಳಿದಿತ್ತು. ತುಡುವೆ ವರ್ಷಕ್ಕೆ 5ರಿಂದ 10 ಕಿಲೋ ತುಪ್ಪ ಕೊಟ್ಟರೆ ಇದು ಅದರ ಮೂರು ನಾಲ್ಕು ಪಟ್ಟು ಕೊಡಬಲ್ಲದು. ಷರತ್ತು ಒಂದೇ: ಹೂ ಎಲ್ಲಿದೆಯೋ ಅಲ್ಲಿಗೆ ಪೆಟ್ಟಿಗೆ ಹೊತ್ತು ಹೋಗಬೇಕು. ಘಟ್ಟದಲ್ಲಿ ಜಡಿಮಳೆ ಹಿಡಿದಾಗ ಬಯಲಿನ ಸೂರ್ಯಪಾನ, ಗೋವಿನಜೋಳ. ಚಳಿ ಕಳೆದು ರಬ್ಬರ್ ಚಿಗುರುವಾಗ ಕರಾವಳಿ. ಕುರಿ ಹಿಂಡಿನ ಹಾಗೆ ಜೇನಿಗೂ ವಲಸೆಯ ದಾರಿ ಮೂಡಿತು. ಶಿರಸಿಯ ಮಧುಕೇಶ್ವರ ಹೆಗಡೆಯವರು 50 ಪೆಟ್ಟಿಗೆಗಳಿಗೆ ಸಹಾಯಧನ ಪಡೆದು 800ಕ್ಕೂ ಹೆಚ್ಚು ಕುಟುಂಬಗಳಿಗೆ ಬೆಳೆಸಿದ್ದನ್ನು ಪ್ರಧಾನಿ ನರೇಂದ್ರ ಮೋದಿಯವರು 2022ರ ಜುಲೈ ತಿಂಗಳ ‘ಮನದ ಮಾತು’ ಕಾರ್ಯಕ್ರಮದಲ್ಲಿ ಹೇಳಿದ್ದರು.

ಎರಿ ಸೀಮೆಗೆ ಜೇನಿನ ಅಗತ್ಯ ಇದೆಯೇ? ಕಡ್ಲಿ, ಹೆಸರು ತಮ್ಮ ಹೂವಿನೊಳಗೇ ಕಾಳು ಕಟ್ಟಿಕೊಳ್ಳುವ ಬೆಳೆ. ಅವಕ್ಕೆ ಹುಳದ ಹಂಗಿಲ್ಲ. ಗುರೆಳ್ಳು ಹಾಗಲ್ಲ, ತನ್ನದೇ ಪರಾಗವನ್ನು ಅದು ಒಪ್ಪುವುದೇ ಇಲ್ಲ. ಸೂರ್ಯಪಾನದ ತೆನೆಯಲ್ಲಿ ನೂರಾರು ಕಿರುಹೂಗಳು ಅಂಚಿನಿಂದ ನಡುವಿನ ಕಡೆಗೆ ದಿನಕ್ಕಿಷ್ಟು ಸಾಲಿನಂತೆ ಅರಳುತ್ತವೆ. ಪ್ರತಿ ಹೂವೂ ಮೊದಲು ಪರಾಗ ಚೆಲ್ಲಿ, ಆಮೇಲೆ ತಾನು ಪಡೆಯಲು ಬಾಯಿ ತೆರೆಯುತ್ತದೆ. ಆ ಹೊತ್ತಿಗೆ ಪಕ್ಕದ ಹೂವಿನ ಧೂಳನ್ನು ಯಾರಾದರೂ ತಂದು ಮುಟ್ಟಿಸಬೇಕು. ಉಳ್ಳಾಗಡ್ಡಿ ಬೀಜ ಮಾಡುವವರಿಗೂ ಸೌತೆ, ಹೀರೆ ಬೆಳೆಯುವವರಿಗೂ ಇದೇ ಮಾತು. ಧಾರವಾಡಕ್ಕೆ ಈ ಕೆಲಸದ ಬೆಲೆ ಗೊತ್ತು. 1972ರಲ್ಲಿ ಇಲ್ಲಿನ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ‘ವರಲಕ್ಷ್ಮಿ’ ಹತ್ತಿ ಹೊರತಂದ ಮೇಲೆ, ಹೈಬ್ರಿಡ್ ಬೀಜಕ್ಕಾಗಿ ಹೆಣ್ಣುಮಕ್ಕಳು ಹೊಲದಲ್ಲಿ ಸಾಲು ಹಿಡಿದು ಒಂದೊಂದೇ ಹೂವಿಗೆ ಕೈಯಾರೆ ಪರಾಗ ಮುಟ್ಟಿಸುವುದನ್ನು ಈ ಭಾಗ ನೋಡಿದೆ. ದಿನವಿಡೀ ಬಾಗಿ ನಿಂತು ಮಾಡುವ ಆ ಕೂಲಿಯ ಕೆಲಸವನ್ನು ಸೂರ್ಯಪಾನದ ಹೊಲದಲ್ಲಿ ಹುಳ ಪುಕ್ಕಟೆ ಮಾಡುತ್ತದೆ.

ಹಾಗಿದ್ದೂ ‘ಹುಳ ರಸ ಹೀರಿದ್ರ ಕಾಳು ಜೊಳ್ಳಾಗತಾವ’ ಎಂಬ ಭಯ ಹಳ್ಳಿಗಳಲ್ಲಿ ಹೋಗಿಲ್ಲ. ಪೆಟ್ಟಿಗೆ ಇಡಲು ಬಂದವರನ್ನು ವಾಪಸು ಕಳಿಸುವುದು ಈ ಭಯವೇ. ಅದನ್ನು ಬಿಡಿಸಲು ಕರಪತ್ರ ಸಾಲದು, ಪೆಟ್ಟಿಗೆಯನ್ನೇ ತೆರೆದು ತೋರಿಸಬೇಕು.

1986ರ ಅಕ್ಟೋಬರ್‌ನಲ್ಲಿ ಹುಟ್ಟಿದ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗ ಜೇನನ್ನು ತನ್ನ ಅಧ್ಯಯನದ ಭಾಗವಾಗಿಸಿಕೊಂಡಿದೆ, ಪ್ರೊ. ಶಶಿಧರ ವಿರಕ್ತಮಠ ಮತ್ತು ಸಂಗಡಿಗರು ದೇಶದ ಜೇನುಗಳ ಮೈಯಳತೆ, ವಂಶದ ಬಗ್ಗೆ 2013ರಲ್ಲಿ ಗ್ರಂಥವನ್ನೇ ತಂದರು. ಆದರೆ ಹಳ್ಳಿಯವರ ಮಟ್ಟಿಗೆ ಪಾಠ ಶುರುವಾಗುವುದು ಪೆಟ್ಟಿಗೆಯ ಮುಚ್ಚಳ ಎತ್ತಿದಾಗ. ಎಲ್ಲಿಯೇ ಆಗಲಿ, ಇಂಥ ಕಲಿಕೆಯ ಕೂಟದ ಮೊದಲ ಅರ್ಧ ಗಂಟೆ ಹೆಚ್ಚುಕಡಿಮೆ ಒಂದೇ ತರಹ. ಹತ್ತು ಜನ ಹತ್ತು ಹೆಜ್ಜೆ ದೂರ ನಿಂತಿರುತ್ತಾರೆ. ಕಲಿಸುವವರು ಪೆಟ್ಟಿಗೆಯ ಬಾಗಿಲಿಗೆ ಅಡ್ಡ ನಿಲ್ಲದೆ ಪಕ್ಕಕ್ಕೆ ನಿಂತು, ತಿದಿಯಿಂದ ಎರಡು ಬಾರಿ ಹೊಗೆ ಬಿಡುತ್ತಾರೆ. ಹೊಗೆ ಕಂಡ ಹುಳ ಮನೆಗೆ ಬೆಂಕಿ ಬಿತ್ತೆಂದು ಹೊಟ್ಟೆ ತುಂಬ ತುಪ್ಪ ಕುಡಿಯುತ್ತದೆ. ಹೊಟ್ಟೆ ತುಂಬಿದ್ದು ಬೇಗ ಕಡಿಯುವುದಿಲ್ಲ. ಯಾರಿಗಾದರೂ ಒಂದು ಕಡಿದರೆ ಮುಳ್ಳನ್ನು ಚಿವುಟಿ ಕೀಳದೆ ಉಗುರಿನಿಂದ ಕೆರೆದು ತೆಗೆಯಬೇಕು, ತಡ ಮಾಡಬಾರದು. ಮುಳ್ಳಿನಿಂದ ಬಾಳೆಹಣ್ಣಿನಂಥ ವಾಸನೆ ಹೊಮ್ಮುತ್ತದೆ, ಅದು ಉಳಿದ ಹುಳಗಳಿಗೆ ಕರೆ.

ಆಮೇಲೆ ಚೌಕಟ್ಟು ಮೇಲೆ ಬರುತ್ತದೆ. ಅದನ್ನು ಪೆಟ್ಟಿಗೆಯ ನೇರಕ್ಕೇ ಹಿಡಿಯಬೇಕು. ರಾಣಿ ಜಾರಿ ಬಿದ್ದರೂ ಮನೆಯೊಳಗೇ ಬೀಳಲಿ ಎಂದು. ರಾಣಿ ಕಾಣಲಿಲ್ಲವೆಂದು ಹೊಸಬರು ಗಾಬರಿಯಾಗುತ್ತಾರೆ. ಬಲ್ಲವರು ರಾಣಿಯನ್ನು ಹುಡುಕುವುದಿಲ್ಲ, ಬಿಸಿಲಿಗೆ ಬೆನ್ನು ಹಾಕಿ ಮನೆಗಳ ತಳ ನೋಡುತ್ತಾರೆ. ಅಕ್ಕಿ ನುಚ್ಚಿನಂಥ ಬಿಳಿ ತತ್ತಿ ಕಂಡರೆ ಸಾಕು. ತತ್ತಿ ಮೂರು ದಿನಕ್ಕೆ ಒಡೆಯುತ್ತದೆ. ಅಂದರೆ ಮೂರು ದಿನದೊಳಗೆ ರಾಣಿ ಅಲ್ಲಿ ಓಡಾಡಿದ್ದಾಳೆ. ತುಡುವೆಯಲ್ಲಿ ಗಂಡು ನೊಣದ ಮನೆಯ ಮುಚ್ಚಳದ ನಡುವೆ ಸೂಜಿ ಚುಚ್ಚಿದಂಥ ತೂತಿರುತ್ತದೆ. ಅವು ಹೆಚ್ಚಾಗಿ, ಎರಿಯ ಅಂಚಿಗೆ ರಾಣಿಯ ಮೊಟ್ಟುಗಳು ಜೋತಾಡತೊಡಗಿದರೆ ಸಂಸಾರ ಪಾಲಾಗುವ ಕಾಲ ಬಂತೆಂದು ತಿಳಿಯಬೇಕು. ಈ ಹೊತ್ತಿಗೆ ಹತ್ತು ಹೆಜ್ಜೆ ದೂರವಿದ್ದವರು ಪೆಟ್ಟಿಗೆಯ ಮೇಲೆ ಬಗ್ಗಿರುತ್ತಾರೆ.

ಬಯಲುಸೀಮೆಯ ಕೂಟಕ್ಕೆ ಘಟ್ಟದವರಿಗಿಲ್ಲದ ಇನ್ನೊಂದು ಪಾಠ ಬೇಕು. ಇಲ್ಲಿ ಪೆಟ್ಟಿಗೆ ಒಬ್ಬರದು, ಹೊಲ ಇನ್ನೊಬ್ಬರದು, ಪಕ್ಕದ ಹತ್ತಿ, ಮೆಣಸಿನಕಾಯಿ ಮೂರನೆಯವರದು. ಹತ್ತಿಗೆ, ಮೆಣಸಿನಗಿಡಕ್ಕೆ ‘ಎಣ್ಣಿ ಹೊಡೆಯುವ’ ಹೊತ್ತು ಸಾಮಾನ್ಯವಾಗಿ ಬೆಳಗ್ಗೆ. ಹುಳ ಹೂವಿಗೆ ಮುತ್ತುವ ಹೊತ್ತೂ ಅದೇ. ನಾಲ್ಕು ಟ್ಯಾಂಕ್ ಎಣ್ಣಿ, ಪೆಟ್ಟಿಗೆಯ ಮುಂದೆ ಮಧ್ಯಾಹ್ನಕ್ಕೆ ನಾಲಿಗೆ ಚಾಚಿ ಸತ್ತ ಹುಳಗಳ ರಾಶಿ. ಯಾರೂ ಬೇಕೆಂದು ಮಾಡಿದ್ದಲ್ಲ, ಆದರೂ ಸಂಸಾರ ಹೋಯಿತು. ಯುರೋಪಿನ ದೇಶಗಳು ಇಮಿಡಾಕ್ಲೊಪ್ರಿಡ್ ಸೇರಿ ಮೂರು ವಿಷಗಳನ್ನು 2018ರಲ್ಲಿ ಹೊಲದಲ್ಲಿ ಬಳಸದಂತೆ ತಡೆದವು. ಇಲ್ಲಿ ಕಾನೂನು ಬರುವ ತನಕ ಕಾಯಬೇಕಿಲ್ಲ. ಸಂಜೆ ಹುಳ ಗೂಡು ಸೇರಿದ ಮೇಲೆ ಹೊಡೆದರೆ ಕೀಟವೂ ಸಾಯುತ್ತದೆ, ಜೇನೂ ಬಹುಮಟ್ಟಿಗೆ ಉಳಿಯುತ್ತದೆ. ಹಿಂದೆ ಬಿಳಿಜೋಳದ ಹೊಲದಲ್ಲಿ ಕುಸುಬಿ, ಅಗಸಿ, ಗುರೆಳ್ಳಿನ ಅಕ್ಕಡಿ ಸಾಲು ಹಾಕುತ್ತಿದ್ದರು. ದನ ಹೋಗದಿರಲಿ, ಮನೆಗೆ ಎಣ್ಣೆಕಾಳಾಗಲಿ ಎಂದು ಹಾಕಿದ ಆ ಸಾಲುಗಳೇ ಹುಳಗಳಿಗೆ ಊಟದ ಪಂಕ್ತಿಯಾಗಿದ್ದವು. ಅಕ್ಕಡಿ ಮರಳಿ ಬಂದರೆ ಲಾರಿಯಲ್ಲಿ ಬಂದವು ಇನ್ನಷ್ಟು ವಾರ ನಿಲ್ಲಬಹುದು.

ಈಗ ನಡೆಯುವುದು ಹೀಗೆ. ಹೂ ಮುಗಿದ ಸಂಜೆ ಪೆಟ್ಟಿಗೆಯವರು ಹೊಲದ ಅಂಚಿನಲ್ಲಿ ಕೂತು ಕತ್ತಲಾಗುವುದನ್ನು ಕಾಯುತ್ತಾರೆ. ಹೊಲದ ಒಡೆಯ ಬಂದು ಪಕ್ಕದಲ್ಲಿ ಕೂರುತ್ತಾನೆ, ಮುಂದಿನ ಸಲ ಎಷ್ಟು ಪೆಟ್ಟಿಗೆ ತರುತ್ತೀರಿ ಎಂದು ಕೇಳುತ್ತಾನೆ. ನೆರೆಹೊಲದವನು ಬದುವಿನ ಮೇಲಿಂದ ಕೂಗುತ್ತಾನೆ, ‘ನಾಳಿ ಎಣ್ಣಿ ಹೊಡಿಯಾವ ಅದೇನ್ರೀ, ನಿಮ್ಮ ಹುಳ ಹೋಗ್ತಾವೇನು?’ ಇವತ್ತು ರಾತ್ರಿಯೇ ಹೊರಟಿವೆ ಎಂದು ಇವರ ಉತ್ತರ. ಕೊನೆಯ ಹುಳ ಒಳಗೆ ಹೋದ ಮೇಲೆ ಬಾಗಿಲಿಗೆ ಜಾಳಿಗೆ ಬಡಿದು, ಪೆಟ್ಟಿಗೆಗಳನ್ನು ಅಲುಗದಂತೆ ಹಗ್ಗದಿಂದ ಬಿಗಿದು, ಲಾರಿ ಎರಿ ಮಣ್ಣಿನ ಗಾಡಿದಾರಿ ದಾಟಿ ಡಾಂಬರು ರಸ್ತೆ ಹಿಡಿಯುತ್ತದೆ. ಬೆಳಗಾಗುವುದರೊಳಗೆ ಅವನ್ನು ಘಟ್ಟದಲ್ಲಿ ಇಳಿಸಬೇಕು. ಬಿಸಿಲೇರಿದರೆ ಒಳಗಿನ ಮೇಣ ಮೆತ್ತಗಾಗುತ್ತದೆ.